ತೆರೆಯುವ ಮುನ್ನವೇ ಘಮಗುಟ್ಟಿದರೆ ಅದು ಕೆಟ್ಟ ಚೀಟಿ

ಮಾನ್ಯ ಸಂಪಾದಕರೇ,

ನಿಯತಕಾಲಿಕಗಳ ಜೊತೆ ಬರುವ, ಮಡಿಕೆ ಬಿಡಿಸಿ ಮೂಸುವ ಸೆಂಟಿನ ಜಾಹೀರಾತು ಚೀಟಿಗಳ ಬಗ್ಗೆ ನಿಮ್ಮ ವಾಚಕರ ಅಂಕಣದಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತಿವೆ. ಕಾಗದವನ್ನು ಸೆಂಟಿನಲ್ಲಿ ಅದ್ದಿ, ಒಣಗಿಸಿ, ಪತ್ರಿಕೆಗೆ ಸೇರಿಸುತ್ತಾರೆ ಎಂಬುದು ಒಂದು. ಸೆಂಟು ಎಂದ ಮೇಲೆ ವಾಸನೆ ಹರಡದೇ ಇರುತ್ತದೆಯೇ, ತಲೆನೋವು ಬರುವವರು ಆ ಪುಟ ಹರಿದೆಸೆದರಾಯಿತು ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ತಿಳಿಯದೆ ಆಡಿದ್ದು, ಬಿಡಿ. ಎರಡನೆಯದನ್ನು ಮುದ್ರಣ, ಸುಗಂಧದ ನಮ್ಮ ಕಸುಬಿನವರೇ ಸಬೂಬಾಗಿ ಬಳಸುವುದುಂಟು. ಅದಕ್ಕೇ ಈ ಪತ್ರ. ಸರಿಯಾಗಿ ತಯಾರಾದ ಚೀಟಿ, ಬಿಡಿಸುವ ತನಕ ಮೂಗಿಗೆ ತಿಳಿಯುವಷ್ಟು ವಾಸನೆ ಬೀರುವುದಿಲ್ಲ. ಬಿಡಿಸುವ ಮೊದಲೇ ಪತ್ರಿಕೆಯಿಡೀ ಘಮಗುಟ್ಟುತ್ತಿದ್ದರೆ ಎಲ್ಲೋ ಕೆಲಸ ಕೆಟ್ಟಿದೆ ಎಂದರ್ಥ. ಎಲ್ಲಿ ಕೆಟ್ಟಿದೆ ಎಂದು ಹೆಚ್ಚಿನ ಸಲ ಬೆರಳಿಟ್ಟು ತೋರಿಸಲೂಬಹುದು.

ಕಾಗದವನ್ನು ನಿಜವಾಗಿ ಅದ್ದುವುದು ಬೇರೆ ಕಡೆ. ಅಂಗಡಿಯಲ್ಲಿ ಸೀಸೆಯ ಪಕ್ಕ ಇಟ್ಟಿರುವ ಉದ್ದನೆಯ ಬಿಳಿ ಪಟ್ಟಿ ಇದೆಯಲ್ಲ, ಅದು ಚೆನ್ನಾಗಿ ಹೀರುವ ದಪ್ಪ ಕಾಗದ. ತುದಿಯನ್ನು ಅರ್ಧ ಅಥವಾ ಒಂದು ಸೆಂಟಿಮೀಟರಿನಷ್ಟು ಅದ್ದಿದರೆ ಸಾಕು. ಸುಗಂಧ ಬೆರೆಸುವವರು ದಿನವಿಡೀ ಕೈಯಲ್ಲಿ ಹಿಡಿದಿರುವುದೂ ಅದನ್ನೇ. ಅದರ ಮೇಲೆ ಆಲ್ಕೊಹಾಲ್ ನೋಡನೋಡುತ್ತಲೇ ಹಾರಿಹೋಗುತ್ತದೆ. ನಿಂಬೆ, ಕಿತ್ತಳೆ ಜಾತಿಯ ಕಂಪು ಹತ್ತು ಹದಿನೈದು ನಿಮಿಷ ನಿಲ್ಲುತ್ತದೆ, ಹೂವಿನದು ಕೆಲವು ಗಂಟೆ. ಶ್ರೀಗಂಧ, ಕಸ್ತೂರಿ, ರಾಳದ ಜಾತಿಯದು ಮರುದಿನಕ್ಕೂ ಉಳಿದಿರುತ್ತದೆ. ಅಂಥ ಪಟ್ಟಿಯನ್ನೇ ಪತ್ರಿಕೆಯೊಳಗಿಟ್ಟು ಕಳಿಸಿದರೆ ಓದುಗರ ಕೈಗೆ ಮುಟ್ಟುವುದು ಆ ಕಟ್ಟಕಡೆಯ ತುಣುಕು ಮಾತ್ರ, ಅದೂ ಅಕ್ಕಪಕ್ಕದ ಪುಟಗಳೆಲ್ಲ ಹೀರಿ ಬಿಟ್ಟದ್ದು. ಹೂವಿನಿಂದ ನಾರು ಸ್ವರ್ಗ ಸೇರಿತು ಎನ್ನುತ್ತಾರೆ. ಇಲ್ಲಿ ಅಡುಗೆ ಅಂಕಣವೂ ಸಂಪಾದಕೀಯವೂ ಒಟ್ಟಿಗೇ ಸೇರುತ್ತವೆ.

ಬೇರೆ ದಾರಿ ಸಿಕ್ಕಿದ್ದು ಸುಗಂಧದ ಕಡೆಯಿಂದಲ್ಲ, ಬಿಲ್ ಪುಸ್ತಕದ ಕಡೆಯಿಂದ. ನಡುವೆ ಕಾರ್ಬನ್ ಇಡದೆಯೇ ಬರೆದದ್ದು ಕೆಳಗಿನ ಪ್ರತಿಗೂ ಮೂಡುವ ಕಾಗದವನ್ನು ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ 1950ರ ದಶಕದಲ್ಲಿ ತಂದಿತು. ಗ್ರೀನ್ ಮತ್ತು ಶ್ಲೈಚರ್ ಎಂಬಿಬ್ಬರ ಹೆಸರಿನಲ್ಲಿ 1957ರ ಪೇಟೆಂಟ್ ಇದೆ. ಬಣ್ಣ ಕೊಡುವ ಎಣ್ಣೆಯನ್ನು ಕಣ್ಣಿಗೆ ಕಾಣದ ಗುಳ್ಳೆಗಳಲ್ಲಿ ತುಂಬಿ ಹಾಳೆಯ ಬೆನ್ನಿಗೆ ಬಳಿದಿರುತ್ತಾರೆ. ಪೆನ್ನು ಒತ್ತಿದಲ್ಲಿ ಗುಳ್ಳೆ ಒಡೆದು ಕೆಳಹಾಳೆಯ ಮೇಲೆ ಅಕ್ಷರ ಮೂಡುತ್ತದೆ. 1960ರ ದಶಕದಲ್ಲಿ ಅದೇ ಗುಳ್ಳೆಗೆ ವಾಸನೆಯ ಎಣ್ಣೆ ತುಂಬಿ, ಕೆರೆದು ಮೂಸುವ ಕಾಗದ ರೂಪುಗೊಂಡಿತು. 1980ರ ದಶಕದಲ್ಲಿ ಮಡಿಕೆಯೊಳಗೆ ಅಂಟಿಸಿದ ಚೀಟಿ ಫ್ಯಾಷನ್ ನಿಯತಕಾಲಿಕಗಳನ್ನು ಹೊಕ್ಕಿತು. 1981ರಲ್ಲಿ ಬಂದ ಜಾರ್ಜಿಯೊ ಬೆವರ್ಲಿ ಹಿಲ್ಸ್ ಎಂಬ ಸೆಂಟು ಮನೆಮಾತಾದದ್ದರಲ್ಲಿ ಈ ಚೀಟಿಯ ಪಾಲು ದೊಡ್ಡದು.

ಗುಳ್ಳೆ ಕಟ್ಟುವ ಹಳೆಯ ಕ್ರಮ ಇಂದಿಗೂ ನಡೆಯುತ್ತದೆ. ಆಮ್ಲದಲ್ಲಿ ಸಂಸ್ಕರಿಸಿದ ಜೆಲಟಿನ್ನನ್ನು 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕರಗಿಸಿ, ಪರಿಮಳದೆಣ್ಣೆ ಸುರಿದು ಕಡೆಯುತ್ತಾರೆ. ಕಡೆಯುವ ವೇಗವೇ ಹನಿಯ ಗಾತ್ರವನ್ನು ಗೊತ್ತುಮಾಡುತ್ತದೆ. ಆ ಹಂತ ದಾಟಿದ ಮೇಲೆ ಗಾತ್ರ ತಿದ್ದಲು ಬರುವುದಿಲ್ಲ. ಹನಿ ಬೇಕಾದಷ್ಟು ಸಣ್ಣದಾಯಿತೆಂದರೆ ಅರೇಬಿಕ್ ಗೋಂದಿನ ನೀರು, ಮೇಲೆ ಇನ್ನಷ್ಟು ಬಿಸಿನೀರು. ಇಲ್ಲಿಯ ತನಕ ಜೆಲಟಿನ್ನಿಗೂ ಗೋಂದಿಗೂ ಒಂದರ ಗೊಡವೆ ಒಂದಕ್ಕಿಲ್ಲ. ಈಗ ಅಸಿಟಿಕ್ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಪಿಎಚ್ ಮಟ್ಟವನ್ನು (ಇಳಿದಷ್ಟೂ ಹುಳಿ ಹೆಚ್ಚು) 4ರಿಂದ 4.5ರ ಆಸುಪಾಸಿಗೆ ಇಳಿಸಿದರೆ ಜೆಲಟಿನ್ ಧನ ವಿದ್ಯುದಂಶ ಪಡೆಯುತ್ತದೆ, ಗೋಂದು ಋಣವಾಗಿಯೇ ಇರುತ್ತದೆ. ಎರಡೂ ಒಂದನ್ನೊಂದು ಹಿಡಿದು, ನೀರಿನಿಂದ ಬೇರ್ಪಟ್ಟು, ಎಣ್ಣೆಹನಿಯ ಸುತ್ತ ಕೆನೆ ಕಟ್ಟಿದಂತೆ ಕಟ್ಟುತ್ತವೆ. ನಿಧಾನಕ್ಕೆ 10 ಡಿಗ್ರಿಗೋ ಅದಕ್ಕೂ ಕೆಳಕ್ಕೋ ತಣಿಸಿದಾಗ ಆ ಕೆನೆ ಗಟ್ಟಿಯಾಗುತ್ತದೆ. ಆಮೇಲೆ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಅಥವಾ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ಹಾಕಿ ಗೋಡೆಯನ್ನು ಬಲಪಡಿಸುತ್ತಾರೆ.

ಕೆಡುವುದು ಶುರುವಾಗುವುದೂ ಇಲ್ಲಿಂದಲೇ. ಆಮ್ಲವನ್ನು ಅವಸರದಲ್ಲಿ ಸುರಿದರೆ ಗುಳ್ಳೆಗಳು ದ್ರಾಕ್ಷಿಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರದ ರೋಲರಿನ ಕೆಳಗೆ ಗೊಂಚಲು ಗೊಂಚಲೇ ಒಡೆಯುತ್ತವೆ. ಕೆನೆ ಗಟ್ಟಿಯಾಗುವ ಮೊದಲು ಜೋರಾಗಿ ಕಲಕಿದರೆ ಗೋಡೆ ಸಿಪ್ಪೆಯಂತೆ ಕಳಚಿಹೋಗುತ್ತದೆ. ಗಟ್ಟಿ ಮಾಡುವ ರಾಸಾಯನಿಕ ಕಡಿಮೆಯಾದರೆ ಗೋಡೆ ಶಾಖಕ್ಕೆ, ತೇವಕ್ಕೆ ಮೆತ್ತಗಾಗುತ್ತದೆ; ಜಾಸ್ತಿಯಾದರೆ ಹಪ್ಪಳದಂತೆ ಗರಿಯಾಗಿ ಬಿರುಕು ಬಿಡುತ್ತದೆ. ಆದರೆ ನಮ್ಮ ಲೆಕ್ಕದಲ್ಲಿ ಈ ಹಂತದ ದೊಡ್ಡ ಕಳ್ಳ ಇವು ಯಾವುವೂ ಅಲ್ಲ, ಗುಳ್ಳೆ ಸೇರದೆ ಉಳಿದ ಬಿಡಿ ಎಣ್ಣೆ. ಎಣ್ಣೆಯೆಲ್ಲ ಗೋಡೆಯೊಳಗೆ ಸೇರುವುದಿಲ್ಲ. ಸ್ವಲ್ಪ ನೀರಿನ ಮೇಲೆ ತೇಲುತ್ತದೆ, ಸ್ವಲ್ಪ ಗುಳ್ಳೆಯ ಹೊರಮೈಗೆ ಹತ್ತಿರುತ್ತದೆ. ಅದನ್ನು ತೊಳೆದು ತೆಗೆಯದೆ ಹಾಗೇ ಬಳಿದರೆ, ಒಂದು ಗುಳ್ಳೆಯೂ ಒಡೆಯದ ಚೀಟಿ ಕೂಡ ಮೊದಲ ದಿನದಿಂದಲೇ ವಾಸನೆ ಬಿಡುತ್ತದೆ. ತೊಳೆಯುವುದೆಂದರೆ ಇನ್ನೊಂದು ಪಾಳಿಯ ಕೆಲಸ, ಒಂದಿಷ್ಟು ಮಾಲು ನಷ್ಟ. ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಗಾತ್ರದ ವಿಷಯ ಸ್ವಲ್ಪ ಹತ್ತಿರದಿಂದ ನೋಡೋಣ. 30 ಮೈಕ್ರಾನ್ ಅಡ್ಡಳತೆಯ ಗುಳ್ಳೆ ತಲೆಗೂದಲಿನ ದಪ್ಪದ ಅರ್ಧದಷ್ಟೂ ಇರುವುದಿಲ್ಲ. ಅದರಲ್ಲಿ ಹಿಡಿಸುವ ಎಣ್ಣೆಯನ್ನು ಲೆಕ್ಕ ಹಾಕಿದರೆ ಒಂದು ಮಿಲಿಲೀಟರ್ ಎಣ್ಣೆಗೆ ಸುಮಾರು ಏಳು ಕೋಟಿ ಗುಳ್ಳೆಗಳಾಗುತ್ತವೆ. ಒಂದು ಚೀಟಿಯಲ್ಲಿ ಐದು ಮಿಲಿಗ್ರಾಂ ಎಣ್ಣೆ ಎಂದಿಟ್ಟುಕೊಂಡರೂ ಮೂರೂವರೆ ಲಕ್ಷ. ನೂರಕ್ಕೆ ಒಂದು ಮುಂಚಿತವಾಗಿ ಒಡೆದರೆ ಮೂರೂವರೆ ಸಾವಿರ ಗುಳ್ಳೆಗಳ ಎಣ್ಣೆ ಹೊರಬಿತ್ತು. ಮೂಗಿಗೆ ಅಷ್ಟು ಬೇಕಾದಷ್ಟಾಯಿತು. ಗುಳ್ಳೆಯ ಅಡ್ಡಳತೆಯನ್ನು ಅರ್ಧಕ್ಕಿಳಿಸಿದರೆ ಅದೇ ಎಣ್ಣೆಗೆ ಎಂಟರಷ್ಟು ಗುಳ್ಳೆಗಳಾಗುತ್ತವೆ, ಮುಚ್ಚಬೇಕಾದ ಮೇಲ್ಮೈ ಇಮ್ಮಡಿಯಾಗುತ್ತದೆ, ಹಾಕಿದ ಜೆಲಟಿನ್ ಅಷ್ಟೇ ಇದ್ದರೆ ಗೋಡೆ ಅರ್ಧದಷ್ಟು ತೆಳುವಾಗುತ್ತದೆ. ಹಾಗೆಂದು ದೊಡ್ಡ ಗುಳ್ಳೆಯೇ ಲೇಸು ಎನ್ನುವಂತಿಲ್ಲ. ದೊಡ್ಡವು ಒತ್ತಡಕ್ಕೆ ಮೊದಲು ಸಿಕ್ಕಿಹಾಕಿಕೊಳ್ಳುತ್ತವೆ, ಯಾಕೆಂದರೆ ಎರಡು ಹಾಳೆಗಳ ನಡುವೆ ಭಾರ ಹೊರುವುದು ಎತ್ತರದವೇ. ಹಾಗಾಗಿ ಸರಾಸರಿ ಗಾತ್ರಕ್ಕಿಂತ ಗಾತ್ರಗಳ ಹರವು ಮುಖ್ಯ. ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿದ್ದರೆ ಭಾರ ಹಂಚಿಹೋಗುತ್ತದೆ. ಅಲ್ಲೊಂದು ಇಲ್ಲೊಂದು ಡೊಳ್ಳು ಗುಳ್ಳೆ ಇದ್ದರೆ ಅದು ಒಡೆದು ಊರಿಗೆಲ್ಲ ಸುದ್ದಿ ಹೇಳುತ್ತದೆ.

ಜೆಲಟಿನ್ನಿನ ಬದಲು ಮೆಲಮೈನ್-ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್ ರಾಳದಿಂದಲೂ ಗುಳ್ಳೆ ಕಟ್ಟುವುದುಂಟು. ಆ ಗೋಡೆ ಜೆಲಟಿನ್ನಿಗಿಂತ ಬಿಗಿ, ತೇವಕ್ಕೆ ಜಗ್ಗುವುದಿಲ್ಲ. ಅದರ ತೊಡಕು ಬೇರೆ. ಗೋಡೆಯಲ್ಲಿ ಉಳಿಯುವ ಫಾರ್ಮಾಲ್ಡಿಹೈಡ್ ಒಂದು, ಒಡೆದ ಮೇಲೂ ಕೊಳೆಯದ ಪ್ಲಾಸ್ಟಿಕ್ ಕಣ ಇನ್ನೊಂದು. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಮೈಕ್ರೊಪ್ಲಾಸ್ಟಿಕ್ ನಿರ್ಬಂಧದಲ್ಲಿ ಸುಗಂಧ ತುಂಬುವ ಸಂಶ್ಲೇಷಿತ ಪಾಲಿಮರ್ ಗುಳ್ಳೆಗಳಿಗೆ 2029ರ ಅಕ್ಟೋಬರ್‌ವರೆಗೆ ಮಾತ್ರ ಕಾಲಾವಕಾಶವಿದೆ.

ಚೀಟಿಯ ವಾಸನೆಗೂ ಸೀಸೆಯ ವಾಸನೆಗೂ ತಾಳೆಯಾಗುವುದಿಲ್ಲ ಎಂಬ ದೂರಿಗೂ ಕಾರಣ ಈ ಗುಳ್ಳೆಯೇ. ಸೀಸೆಯಲ್ಲಿರುವುದು ಬಹುಪಾಲು ಆಲ್ಕೊಹಾಲ್. ಆಲ್ಕೊಹಾಲ್ ನೀರಿನಲ್ಲಿ ಬೆರೆತುಹೋಗುವುದರಿಂದ ಅದನ್ನು ಈ ಕ್ರಮದಲ್ಲಿ ಗುಳ್ಳೆಯೊಳಗೆ ಹಿಡಿದಿಡಲು ಆಗುವುದಿಲ್ಲ. ಚೀಟಿಗೆ ಹೋಗುವುದು ಆಲ್ಕೊಹಾಲ್ ಬೆರೆಸದ ಗಟ್ಟಿ ಎಣ್ಣೆ. ಅದರಲ್ಲೂ ಎಲ್ಲವೂ ಒಳಗೆ ಉಳಿಯುವುದಿಲ್ಲ. ವೆನಿಲಾದ ಕಂಪು ಕೊಡುವ ವೆನಿಲ್ಲಿನ್, ಗುಲಾಬಿಯ ಕಂಪು ಕೊಡುವ ಫೀನೈಲ್ ಈಥೈಲ್ ಆಲ್ಕೊಹಾಲ್ ಮುಂತಾದ, ನೀರನ್ನೂ ಇಷ್ಟಪಡುವ ಅಂಶಗಳು ಕಡೆಯುವಾಗಲೇ ನೀರಿಗೆ ಸೋರುತ್ತವೆ. ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ನಿಂಬೆಹುಲ್ಲಿನ ಸಿಟ್ರಾಲ್‌ನಂಥ ಆಲ್ಡಿಹೈಡ್‌ಗಳು ಜೆಲಟಿನ್ನಿನ ಅಮೈನೊ ಗುಂಪುಗಳಿಗೆ ಅಂಟಿಕೊಂಡು ಗೋಡೆಯ ಪಾಲಾಗುತ್ತವೆ. ಆದ್ದರಿಂದ ಸುಗಂಧ ಬೆರೆಸುವವರು ಚೀಟಿಗೆಂದೇ ಬೇರೆ ಮಿಶ್ರಣ ಬರೆಯಬೇಕಾಗುತ್ತದೆ: ಸೋರುವುದನ್ನು ಹೆಚ್ಚು ಹಾಕಿ, ಗೋಡೆಗೆ ಅಂಟುವುದರ ಬದಲು ಹತ್ತಿರದ ಬೇರೊಂದನ್ನು ಹುಡುಕಿ, ಕಾಗದದ್ದೇ ಆದ ಹಿಟ್ಟುಹಿಟ್ಟಾದ ವಾಸನೆಯನ್ನು ಮುಚ್ಚುವಷ್ಟು ಮೇಲುಕಂಪು ಸೇರಿಸಿ. ಸೀಸೆಗೆಂದು ಬರೆದ ಮಿಶ್ರಣವನ್ನೇ ಗುಳ್ಳೆಗೆ ತುಂಬಿದರೆ ಸಿಹಿ ಕಳೆದ, ಒರಟಾದ, ಸಾಬೂನಿನಂಥ ಘಾಟು ಸಿಗುತ್ತದೆ. ಇಷ್ಟೆಲ್ಲ ಮಾಡಿದರೂ ಚೀಟಿ ಸೆಂಟಿನ ಪಡಿಯಚ್ಚಲ್ಲ, ಭಾವಚಿತ್ರ. ಜಾಹೀರಾತಿನಲ್ಲಿ ಹಾಗೆಂದು ಯಾರೂ ಅಚ್ಚು ಹಾಕುವುದಿಲ್ಲ.

ಮುದ್ರಣದ ಕಡೆಗೆ ಬರುತ್ತೇವೆ. ಗುಳ್ಳೆ, ಅಂಟು, ನೀರು ಸೇರಿದ ಹಿಟ್ಟಿನಂಥ ಲೇಪವನ್ನು, ಎರಡೂ ಮೈ ನುಣುಪಾದ ಆರ್ಟ್ ಪೇಪರಿನ ಮೇಲೆ ಕಿರಿದಾದ ಪಟ್ಟಿಯಾಗಿ ಬಳಿದು, ಹಸಿಯಿರುವಾಗಲೇ ಮಡಿಕೆ ಮುಚ್ಚಿ ಒತ್ತುತ್ತಾರೆ. ಲೇಪದ ನೀರನ್ನು ಕಾಗದ ಹೀರುತ್ತದೆ, ಅಂಟು ಎರಡು ಮೈಗಳನ್ನೂ ಹಿಡಿಯುತ್ತದೆ, ಗುಳ್ಳೆಗಳು ನಡುವೆ ಕೂರುತ್ತವೆ. ಬಿಡಿಸಿ ಎಳೆದಾಗ ಅಂಟು ಗುಳ್ಳೆಯನ್ನು ಆಚೆಗೂ ಈಚೆಗೂ ಜಗ್ಗಿ ಹರಿಯುತ್ತದೆ. ಅಂದರೆ ಗುಳ್ಳೆ ಒಡೆಯುವುದು ಒತ್ತಡದಿಂದಲ್ಲ, ಎಳೆತದಿಂದ. ಒಳ್ಳೆಯ ಚೀಟಿಯ ಗುಟ್ಟಿರುವುದು ಇಲ್ಲೇ: ಗೋಡೆ ಒತ್ತಡಕ್ಕೆ ತಾಳಬೇಕು, ಎಳೆತಕ್ಕೆ ಸೋಲಬೇಕು. ಅಂಟು ಮೆತುವಾದರೆ ಗುಳ್ಳೆ ಒಡೆಯದೆ ಹಾಳೆಗಳು ಸಲೀಸಾಗಿ ಬೇರ್ಪಡುತ್ತವೆ, ವಾಸನೆಯೇ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ದಾರಿಯಲ್ಲಿ ತಾನೇ ಬಿಟ್ಟುಕೊಳ್ಳುತ್ತದೆ. ಅಂಟು ಬಿರುಸಾದರೆ ಕಾಗದದ ಲೇಪವೇ ಕಿತ್ತುಬರುತ್ತದೆ, ಚಿತ್ರದ ಮುಖ ಹರಿಯುತ್ತದೆ.

ಸುರುಳಿ ಕಾಗದಕ್ಕೆ ಅಚ್ಚು ಹಾಕಿ ಶಾಖದಿಂದ ಶಾಯಿ ಒಣಗಿಸುವ ವೆಬ್ ಆಫ್‌ಸೆಟ್ ಯಂತ್ರದಲ್ಲಿ ಕಾಗದ ಒಲೆಯೊಳಗಿಂದ ಬರುವಾಗ ನೂರು ಡಿಗ್ರಿ ದಾಟಿರುತ್ತದೆ. ಲೇಪ ಹಾಕಬೇಕಾದದ್ದು ತಣಿಸುವ ರೋಲರುಗಳನ್ನು ದಾಟಿದ ಮೇಲೆ, ಮಡಿಸುವ ಭಾಗ ತಲುಪುವ ಹೊತ್ತಿಗೆ. ತಣಿಸುವ ನೀರಿನ ಹರಿವು ಕುಗ್ಗಿ ಕಾಗದ ಬೆಚ್ಚಗೇ ಬಂದರೆ ಜೆಲಟಿನ್ ಗೋಡೆ ಮೆತ್ತಗಾಗುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪಲ್ಲ. ಪಾಳಿಯ ಮೊದಲ ಗಂಟೆಯ ಪ್ರತಿಗಳು ಚೆನ್ನಾಗಿದ್ದು ಮೂರನೆಯ ಗಂಟೆಯವು ನಾರತೊಡಗಿದರೆ ಮೊದಲು ಮುಟ್ಟಿ ನೋಡಬೇಕಾದದ್ದು ಆ ರೋಲರನ್ನು.

ಅದಾದ ಮೇಲೆ ಬೈಂಡಿಂಗ್ ವಿಭಾಗ. ಸೋರಿಕೆಯ ಬಹುಪಾಲು ಹುಟ್ಟುವುದು ಇಲ್ಲಿ, ಬೈಗುಳ ಮಾತ್ರ ಸುಗಂಧದವರಿಗೆ. ಪತ್ರಿಕೆಯ ಮೂರು ಅಂಚು ಕತ್ತರಿಸುವ ಅಲಗು ಲೇಪದ ಪಟ್ಟಿಯನ್ನು ಒಂದು ಮಿಲಿಮೀಟರ್ ತಾಗಿದರೂ ಸಾಕು, ಆ ಅಂಚಿನುದ್ದಕ್ಕೂ ಗುಳ್ಳೆಗಳು ಸೀಳುತ್ತವೆ, ಅಲಗಿಗೆ ಎಣ್ಣೆ ಹತ್ತುತ್ತದೆ, ಮುಂದಿನ ಪ್ರತಿಗಳ ಅಂಚಿಗೂ ಸವರಿಕೊಳ್ಳುತ್ತದೆ. ಲೇಪವನ್ನು ಕತ್ತರಿಸುವ ಗೆರೆಯಿಂದ ದೂರ ಇಡಬೇಕು. ಎಷ್ಟು ದೂರ ಎಂದರೆ, ಯಂತ್ರದ ಮಡಿಕೆ ಅತ್ತಿತ್ತ ಸರಿಯುವ ಗರಿಷ್ಠ ಅಳತೆ, ಅದರ ಮೇಲೆ ಇನ್ನಷ್ಟು. ವಿನ್ಯಾಸ ಮಾಡುವವರು ಪುಟದ ಅಂದಕ್ಕೆಂದು ಪಟ್ಟಿಯನ್ನು ಅಂಚಿಗೆ ಒಯ್ದಾಗ ಅಡ್ಡ ಹಾಕಬೇಕಾದವರು ಬೈಂಡಿಂಗ್‌ನವರೇ. ಬೆನ್ನಿನ ಪಿನ್ನಿನ ಹತ್ತಿರ ಇಟ್ಟರೂ ಅದೇ ಗತಿ, ಅಲ್ಲಿ ಮಡಿಕೆಯನ್ನು ಬಿಗಿಯಾಗಿ ಒತ್ತುತ್ತಾರೆ.

ಹೆಚ್ಚಿನವರು ಗಮನಿಸದ ಇನ್ನೊಂದು ಜಾಗ ಕಟ್ಟು ಕಟ್ಟುವ ಮೇಜು. ಚೀಟಿ ಇರುವ ಕಡೆ ಪತ್ರಿಕೆ ಕೊಂಚ ದಪ್ಪ. ಪ್ರತಿಗೆ ಕಾಲು ಮಿಲಿಮೀಟರ್ ಎಂದರೂ ನೂರು ಪ್ರತಿ ಒಂದೇ ದಿಕ್ಕಿಗೆ ಪೇರಿಸಿದಾಗ ಒಂದು ಕಡೆ ಎರಡೂವರೆ ಸೆಂಟಿಮೀಟರ್ ಗುಡ್ಡ ಏಳುತ್ತದೆ. ಪಟ್ಟಿ ಬಿಗಿದಾಗ ಇಡೀ ಕಟ್ಟಿನ ಒತ್ತಡ ಬೀಳುವುದು ಆ ಗುಡ್ಡದ ಮೇಲೆ, ಅಂದರೆ ನೇರವಾಗಿ ಗುಳ್ಳೆಗಳ ಮೇಲೆ. ಪರಿಹಾರ ಸರಳ: ಹತ್ತೋ ಹದಿನೈದೋ ಪ್ರತಿಗೊಮ್ಮೆ ದಿಕ್ಕು ತಿರುಗಿಸಿ ಪೇರಿಸುವುದು, ಕಟ್ಟು ಚಿಕ್ಕದಾಗಿ ಕಟ್ಟುವುದು, ಪ್ಲಾಸ್ಟಿಕ್ ಪಟ್ಟಿಯನ್ನು ಚೀಟಿಯ ಮೇಲೆ ಹಾಯಿಸದಿರುವುದು, ಮೇಲೆ ಕೆಳಗೆ ರಟ್ಟು ಇಡುವುದು. ಕಟ್ಟಿನ ಮೊದಲ ಮತ್ತು ಕೊನೆಯ ಪ್ರತಿಯನ್ನು ನಡುವಿನದರ ಜೊತೆ ಹೋಲಿಸಿ ಮೂಸಿದರೆ ತಪ್ಪು ಯಾರದೆಂದು ಗೊತ್ತಾಗುತ್ತದೆ. ಎಲ್ಲವೂ ಒಂದೇ ಸಮ ಬೀರುತ್ತಿದ್ದರೆ ಬಿಡಿ ಎಣ್ಣೆ ಅಥವಾ ಶಾಖ. ಪಟ್ಟಿ ಬಿಗಿದ ಪ್ರತಿಗಳೇ ಹೆಚ್ಚು ಬೀರಿದರೆ ಕಟ್ಟು. ಅಂಚು ಮಾತ್ರ ಬೀರಿ ಹೊಟ್ಟೆ ಸುಮ್ಮನಿದ್ದರೆ ಅಲಗು.

ಇವನ್ನೆಲ್ಲ ಲಕ್ಷಗಟ್ಟಲೆ ಪ್ರತಿ ಅಚ್ಚಾಗುವ ಮೊದಲೇ ಹಿಡಿಯಬಹುದು, ದುಬಾರಿ ಉಪಕರಣವೂ ಬೇಡ. ಬಾಯಿ ಅಗಲದ ಮೂರು ಗಾಜಿನ ಭರಣಿಗಳನ್ನು ವಾಸನೆಯಿಲ್ಲದಂತೆ ತೊಳೆದು ಒಣಗಿಸಿ. ಒಂದರಲ್ಲಿ ಬಿಡಿಸದ ಚೀಟಿಯಿರುವ ಪುಟ, ಉಳಿದೆರಡರಲ್ಲಿ ಅದೇ ಕಾಗದದ ಚೀಟಿಯಿಲ್ಲದ ಪುಟ. ಲೋಹದ ಮುಚ್ಚಳ ಬಿಗಿದು 40 ಡಿಗ್ರಿಯಲ್ಲಿ ಒಂದು ದಿನ ಇಡಿ, ತಣಿದ ಮೇಲೆ ಮೂಸಲು ಕೊಡಿ. ಯಾವುದರಲ್ಲಿ ಚೀಟಿ ಇದೆ ಎಂದು ಹೇಳದೆ, ಬೇರೆಯಾಗಿರುವುದನ್ನು ಆರಿಸಲು ಹೇಳಿ. ಬರೀ ಊಹೆಯಿಂದ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಹನ್ನೆರಡು ಜನರಲ್ಲಿ ಎಂಟು ಅಥವಾ ಹೆಚ್ಚು ಮಂದಿ ಸರಿಯಾಗಿ ಆರಿಸಿದರೆ ಅದು ಊಹೆಯಲ್ಲ, ಚೀಟಿ ಸೋರುತ್ತಿದೆ. ಇನ್ನೊಂದು ಸುತ್ತನ್ನು, ಕಟ್ಟು ಕಟ್ಟಿ ಮೇಲೆ ಭಾರ ಹೇರಿ ಎರಡು ದಿನ ಇಟ್ಟ ಪ್ರತಿಗಳಿಂದ ಮಾಡಬೇಕು. ಯಂತ್ರದಿಂದ ಆಗತಾನೆ ಬಂದ ಪ್ರತಿಯನ್ನಷ್ಟೇ ಮೂಸಿ ಒಪ್ಪಿಗೆ ಹಾಕುವುದು ಪರೀಕ್ಷೆಯೇ ಅಲ್ಲ. ಮೂಸುವವರು ಅಚ್ಚಿನ ಕೋಣೆಯವರಾಗಿರಬಾರದು. ಅದೇ ವಾಸನೆಯಲ್ಲಿ ಕೆಲವು ನಿಮಿಷ ನಿಂತ ಮೂಗು ಅದನ್ನು ಹೇಳುವುದನ್ನೇ ನಿಲ್ಲಿಸುತ್ತದೆ. ನಡುವೆ ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. 2011ರ ಒಂದು ಅಧ್ಯಯನದಲ್ಲಿ ಕಾಫಿ ಬೀಜ ಬರೀ ಗಾಳಿಗಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ. ಹೊರಗೆ ಹೋಗಿ ಬಂದರೆ ಸಾಕು.

ಹರಿದೆಸೆದರಾಯಿತು ಎನ್ನುವವರಿಗೆ ಒಂದು ಮಾತು. 1995ರಲ್ಲಿ ಪ್ರಕಟವಾದ ವೈದ್ಯಕೀಯ ಪರೀಕ್ಷೆಯೊಂದರಲ್ಲಿ ಆಸ್ತಮಾ ಇರುವ 29 ವಯಸ್ಕರಿಗೂ ಇಲ್ಲದ 13 ಮಂದಿಗೂ ಇಂಥವೇ ಚೀಟಿಗಳ ವಾಸನೆ ಕೊಟ್ಟು ಉಸಿರಿನ ಬಲ ಅಳೆದರು. ಆಸ್ತಮಾ ಇದ್ದವರಲ್ಲಿ ಬಲ ಕುಗ್ಗಿತು, ರೋಗ ತೀವ್ರವಾಗಿದ್ದವರಲ್ಲಿ ಹೆಚ್ಚು ಕುಗ್ಗಿತು. ಸುಮಾರು ಐವರಲ್ಲಿ ಒಬ್ಬರಿಗೆ ಎದೆ ಬಿಗಿದು ಉಬ್ಬಸ ಬಂತು. ಚಿಕ್ಕ ಪರೀಕ್ಷೆ ನಿಜ. ಆದರೂ, ಪುಟ ಹುಡುಕಿ ಹರಿಯುವ ಹೊತ್ತಿಗೆ ಮೂಸಿ ಆಗಿರುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಅಮೆರಿಕದ ಅಂಚೆ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಿಳಿಯದೆಯೋ ಬಯಸದೆಯೋ ಯಾರೂ ಮೂಸುವಂತಾಗದ ಹಾಗೆ ಮುಚ್ಚಿ, ಸುತ್ತಿ ಅಥವಾ ಸಂಸ್ಕರಿಸಿ ತಯಾರಿಸದ ಸೆಂಟಿನ ಜಾಹೀರಾತು ಮಾದರಿಯನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ಅಂಚೆ ನಿಯಮ ಇನ್ನೂ ಒಳಕ್ಕೆ ಹೋಗಿ ಹೇಳುತ್ತದೆ: ಕಾಗದದ ರಂಧ್ರತೆ 20 ಶೆಫೀಲ್ಡ್ ಅಥವಾ 172 ಗರ್ಲಿ-ಹಿಲ್ ಮಿತಿಯೊಳಗಿರಬೇಕು, ಎಣ್ಣೆ ಗುಳ್ಳೆಯೊಳಗೇ ಇರಬೇಕು, ಅಂಟಿಸಿದ ಮಡಿಕೆ ಬಿಡಿಸಿದಾಗ ಅಥವಾ ಮೇಲಿನ ಪದರ ಕಿತ್ತಾಗ ಮಾತ್ರ ವಾಸನೆ ಬರಬೇಕು. ಶೆಫೀಲ್ಡ್ ಎಂದರೆ ಕಾಗದದ ಮೂಲಕ ನುಸುಳುವ ಗಾಳಿಯ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಗರ್ಲಿ ಅದರ ತಿರುವುಮುರುವು, ನಿಗದಿತ ಗಾಳಿ ನುಸುಳಲು ತಗಲುವ ಸೆಕೆಂಡುಗಳ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೆಯದು. ಒಳ್ಳೆಯ ನಿಯಮವೇ. ಆದರೆ ಅದು ಅಳೆಯುವುದು ಕಾಗದದ ಮೈಯನ್ನು. ಸೋರುವುದು ಹೆಚ್ಚಾಗಿ ಅಂಚಿನಿಂದ. ರಂಧ್ರತೆಯ ಪ್ರಮಾಣಪತ್ರ ಸರಿಯಾಗಿದ್ದೂ ಅಲಗು ತಾಗಿದ ಚೀಟಿ ಬೀರುತ್ತಲೇ ಇರುತ್ತದೆ. ಪತ್ರವನ್ನಷ್ಟೇ ನೋಡಿ ಒಪ್ಪಿಕೊಳ್ಳುವ ಪ್ರಕಾಶಕರಿಗೆ ಇದು ತಿಳಿದಿರಲಿ.

ಗುಳ್ಳೆಯೇ ಇಲ್ಲದ ಚೀಟಿಯೂ ಇದೆ. ಅಲ್ಯೂಮಿನಿಯಂ ಫಾಯಿಲ್ ಸೇರಿದ ಎರಡು ಪದರಗಳ ನಡುವೆ ಎಣ್ಣೆಯ ಜೆಲ್ ಇಟ್ಟು ಸುತ್ತ ಅಂಚನ್ನು ಬೆಸೆದ ಚಿಕ್ಕ ಪೊಟ್ಟಣ. ಎಣ್ಣೆ ನೀರನ್ನು ಮುಟ್ಟುವುದೇ ಇಲ್ಲವಾದ್ದರಿಂದ ವಾಸನೆ ಸೀಸೆಗೆ ಹೆಚ್ಚು ಹತ್ತಿರ. ಬೆಸುಗೆಯಲ್ಲಿ ಸುಕ್ಕು ಬಿದ್ದರೆ ಮಾತ್ರ ಸುಕ್ಕಿನ ಸುರಂಗದಿಂದ ಸೋರುತ್ತದೆ. ಜೆಲ್ ಬೆಸುಗೆಯ ಜಾಗಕ್ಕೆ ಹರಡಿದರೆ ಬೆಸುಗೆ ಹಿಡಿಯುವುದೇ ಇಲ್ಲ. ಸೋರಿಕೆ ತಡೆಯುವುದರಲ್ಲಿ ನಮ್ಮ ಮತ ಇದಕ್ಕೇ. ರದ್ದಿಗೆ ಹಾಕುವಾಗ ಕಾಗದ, ಪ್ಲಾಸ್ಟಿಕ್, ಲೋಹ ಬೇರ್ಪಡುವುದಿಲ್ಲ ಎಂಬುದು ಇದರ ದೋಷ. ಇನ್ನು, ಇಡೀ ನಿಯತಕಾಲಿಕವನ್ನು ಪಾಲಿಥೀನ್ ಚೀಲಕ್ಕೆ ಹಾಕಿದ್ದೇವೆ ಎಂಬ ಸಮಾಧಾನ ಬೇಡ. ನೀರನ್ನು ತಡೆಯುವ ಪಾಲಿಥೀನ್ ಕಿತ್ತಳೆಯೆಣ್ಣೆಯ ಲಿಮೊನೀನ್‌ನಂಥದನ್ನು ಚೆನ್ನಾಗಿ ತಡೆಯುವುದಿಲ್ಲ. ತಡೆದಷ್ಟು ವಾಸನೆ ಒಳಗೇ ಕೂಡಿ, ಚೀಲ ಹರಿದಾಗ ಒಮ್ಮೆಲೇ ಮುಖಕ್ಕೆ ರಾಚುತ್ತದೆ.

ದಿನಪತ್ರಿಕೆಯ ಪುಟದ ಮೇಲೆಯೇ ವಾಸನೆಯ ಲೇಪ ಬಳಿದು, ಇಲ್ಲಿ ಉಜ್ಜಿ ಮೂಸಿ ಎಂದು ಅಚ್ಚು ಹಾಕುವ ಜಾಹೀರಾತಿನ ಬಗ್ಗೆ ನಿಮಗೇ ಹೇಳಬೇಕು. ನ್ಯೂಸ್‌ಪ್ರಿಂಟ್ ಲೇಪವಿಲ್ಲದ, ರಂಧ್ರಮಯ, ಒರಟು ಕಾಗದ. ಗುಳ್ಳೆಯ ಮೇಲೆ ಹೊದಿಕೆಯೇ ಇಲ್ಲ. ಮಡಿಸುವ ರೋಲರು, ಕಟ್ಟು, ಹಂಚುವವರ ಕೈ, ಬಾಗಿಲಿಗೆ ಬೀಸಿ ಎಸೆಯುವುದು, ಎಲ್ಲವೂ ಉಜ್ಜಾಟವೇ. ಓದುಗರು ಉಜ್ಜಲು ಉಳಿಯುವುದು ಅಲ್ಪ. ಇದರಲ್ಲಿ ತಪ್ಪು ತಿದ್ದಲು ಜಾಗವೇ ಇಲ್ಲ, ಏಕೆಂದರೆ ತೆರೆದಿರುವುದೇ ಅದರ ರೀತಿ. ಅಂಥ ಜಾಹೀರಾತನ್ನು ನಿಮ್ಮ ಪುಟಗಳಲ್ಲಿ ತೆಗೆದುಕೊಳ್ಳಬೇಡಿ ಎಂಬುದು ನಮ್ಮ ನೇರ ಕೋರಿಕೆ. ಬೇಕಿದ್ದರೆ ಮುಚ್ಚಿದ, ಬಿಡಿಯಾದ ಚೀಟಿಯನ್ನು ಪುರವಣಿಯಲ್ಲಿ ಇಡಬಹುದು. ಆಗಲೂ ಮುಖಪುಟದಲ್ಲಿ ಇಂಥ ಪುಟದಲ್ಲಿ ಸೆಂಟಿನ ಚೀಟಿ ಇದೆ ಎಂಬ ಒಂದು ಸಾಲು ಇರಲಿ, ಬೇಡ ಎಂದು ತಿಳಿಸಿದ ಚಂದಾದಾರರಿಗೆ ಚೀಟಿಯಿಲ್ಲದ ಪ್ರತಿ ಹೋಗಲಿ. ಜಾಹೀರಾತುದಾರರಿಂದ ಮೂರು ವಿಷಯ ಕೇಳಿ ಪಡೆಯಿರಿ: ಭರಣಿ ಪರೀಕ್ಷೆಯ ಫಲಿತಾಂಶ, ಲೇಪ ಹಾಕಿದ ದಿನಾಂಕ, ಮತ್ತು ಅಲರ್ಜಿ ತರಬಲ್ಲ ಸುಗಂಧ ಅಂಶಗಳ ಪಟ್ಟಿ. ಯುರೋಪಿಯನ್ ಒಕ್ಕೂಟದಲ್ಲಿ ಸೀಸೆಯ ಪೆಟ್ಟಿಗೆಯ ಮೇಲೆ ಅಂಥ 26 ಅಂಶಗಳ ಹೆಸರನ್ನು 2005ರಿಂದಲೇ ಅಚ್ಚು ಹಾಕಬೇಕಾಗಿದೆ, 2023ರ ನಿಯಮ ಆ ಪಟ್ಟಿಯನ್ನು ಎಂಬತ್ತಕ್ಕೂ ಮೇಲೆ ಬೆಳೆಸಿದೆ. ಪೆಟ್ಟಿಗೆಗೆ ಅಚ್ಚಾಗುವುದನ್ನು ಚೀಟಿಯ ಬೆನ್ನಿಗೂ ಅಚ್ಚು ಹಾಕಲು ಜಾಗದ ಕೊರತೆಯೇನೂ ಇಲ್ಲ.

ಓದುಗರಿಗೂ ಒಂದೆರಡು ಮಾತು. ಚೀಟಿಯನ್ನು ಪೂರ್ತಿ ಬಿಡಿಸಿ, ಅರ್ಧ ನಿಮಿಷ ಗಾಳಿಗೆ ಹಿಡಿದು, ಕಾಗದದ ಮತ್ತು ಶಾಯಿಯ ವಾಸನೆ ಹೋದ ಮೇಲೆ ಮೂಗಿಗೆ ತಾಗಿಸದೆ ಮೂಸಿ. ಮಣಿಕಟ್ಟಿಗೆ ಉಜ್ಜಬೇಡಿ. ಸೀಸೆಯ ಸೆಂಟಿನಲ್ಲಿ ಎಣ್ಣೆ ನೂರಕ್ಕೆ ಹದಿನೈದಿಪ್ಪತ್ತು ಭಾಗದ ಆಚೀಚೆ ಇದ್ದರೆ ಗುಳ್ಳೆಯೊಳಗಿರುವುದು ಬೆರೆಸದ ಎಣ್ಣೆ. ಅಲರ್ಜಿ ಇರುವ ಚರ್ಮಕ್ಕೆ ಆ ವ್ಯತ್ಯಾಸ ತಿಳಿಯುತ್ತದೆ. ಬಿಡಿಸಿದ ಚೀಟಿಯನ್ನು ಪುಸ್ತಕದ ನಡುವೆ ಇಡುವ ರೂಢಿ ಬಿಡಿ. ವೆನಿಲ್ಲಿನ್ ಇರುವ ಮಿಶ್ರಣ ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಎದುರಿನ ಪುಟಕ್ಕೂ ಕಲೆ ಹಚ್ಚುತ್ತದೆ. ಮರುದಿನ ಇನ್ನೊಮ್ಮೆ ಮೂಸಿ ನೋಡಬೇಕೆನ್ನುವವರು ಲೋಹದ ಮುಚ್ಚಳವಿರುವ ಚಿಕ್ಕ ಗಾಜಿನ ಸೀಸೆಯಲ್ಲಿ ಹಾಕಿಡಬಹುದು. ಬೇಡವಾದವರು, ಬಿಡಿಸದೆಯೇ, ಮಡಿಕೆಯ ಕಡೆಗೆ ಬೆರಳೊತ್ತದೆ, ಬೆನ್ನಿನ ಹತ್ತಿರ ಹಿಡಿದು ಪುಟವನ್ನು ಕಿತ್ತರೆ ಗುಳ್ಳೆ ಒಡೆಯುವುದಿಲ್ಲ.

ಇತಿ,
ಮುದ್ರಣ, ಬೈಂಡಿಂಗ್ ಮತ್ತು ಸುಗಂಧ ಮಿಶ್ರಣದ ಕೆಲಸದಲ್ಲಿರುವ ಕೆಲವು ಓದುಗರು